ಕಬ್ಬಿಣ ಗಿರಾಕಿಯದು, ಕೂಲಿ ನನ್ನದು

ಮಾಲಿನ ಮೇಲೆ ಲಾಭ ಇಡದೆ ಬರೀ ಕೂಲಿಯಿಂದ ವೆಲ್ಡಿಂಗ್ ಅಂಗಡಿ ನಡೆಯುವುದಿಲ್ಲ ಎಂದು ಕಲಬುರಗಿಯ ನಮ್ಮ ಓಣಿಯವರೆಲ್ಲ ಹೇಳಿದ್ದರು. ನಡೆಯುತ್ತಿದೆ. ಮೂರು ವರ್ಷದ ಮೇಲಾಯಿತು. ನಕ್ಕವರಲ್ಲೇ ಇಬ್ಬರು ಬಂದು ನನ್ನ ದರ ಕೇಳಿಕೊಂಡು ಹೋಗಿದ್ದಾರೆ.

ಮೊದಲು ನಾನೂ ಮಾಲು ಸಮೇತ ಕಿಲೋ ಲೆಕ್ಕಕ್ಕೆ ಒಪ್ಪಿಕೊಳ್ಳುತ್ತಿದ್ದೆ. ದರ ಮಾತಾಡುವ ದಿನ ಒಂದು ಬೆಲೆ, ಪೈಪು ತರುವ ದಿನ ಇನ್ನೊಂದು. ಐದು ಟನ್ನಿನ ಒಂದು ಶೆಡ್ಡಿನಲ್ಲಿ ಕಿಲೋಗೆ ಏಳೆಂಟು ರೂಪಾಯಿ ಏರಿ ಸುಮಾರು ನಲವತ್ತು ಸಾವಿರ ಹೋಯಿತು. ಇನ್ನೊಬ್ಬರು ತೊಗರಿ ರಾಶಿ ಆಗಲಿ ಎಂದರು. ರಾಶಿಯಾಯಿತು, ತೊಗರಿ ಮಾರಾಟವೂ ಆಯಿತು, ದುಡ್ಡು ಮಾತ್ರ ಬರಲಿಲ್ಲ. ಆ ವರ್ಷ ಸಿಮೆಂಟ್ ಕಾರ್ಖಾನೆಯ ಶಟ್‌ಡೌನ್ ಕೆಲಸಕ್ಕೆ, ಅಂದರೆ ಕಾರ್ಖಾನೆ ನಿಲ್ಲಿಸಿ ಮಾಡುವ ರಿಪೇರಿಗೆ ಹೋದೆ. ಪಾಳಿಗೆ ಸಾವಿರದ ಇನ್ನೂರರ ಆಸುಪಾಸು, ಓಟಿ ಬೇರೆ. ಆದರೆ ಗುತ್ತಿಗೆದಾರ ಎರಡು ತಿಂಗಳು ಸತಾಯಿಸಿ ಕೊಟ್ಟ.

ಈಗ ಗಿರಾಕಿಯೇ ತನ್ನ ಹೆಸರಿನಲ್ಲಿ ಬಿಲ್ಲು ಮಾಡಿಸುತ್ತಾನೆ. ನಾನು ಜೊತೆಗೆ ಹೋಗಿ ಪೈಪನ್ನು ಕಾಟಾಕ್ಕೆ (ತೂಕದ ಯಂತ್ರಕ್ಕೆ) ಹಾಕಿಸುತ್ತೇನೆ. 40-40 ಎಂಎಂ ಚೌಕದ, 16 ಗೇಜ್ ದಪ್ಪದ ಪೈಪು 20 ಅಡಿಗೆ ಹನ್ನೊಂದೂವರೆ ಕಿಲೋ ತೂಗಬೇಕು. ಒಂಬತ್ತು ತೂಗಿದರೆ ಅದು ತೆಳುವಾದ 18 ಗೇಜ್, ಅಂಗಡಿಯವನು ಏನೇ ಹೇಳಲಿ. ಈ ಒಂದು ತೂಕಕ್ಕೇ ಗಿರಾಕಿ ನನ್ನನ್ನು ನಂಬುತ್ತಾನೆ.

ಕೂಲಿ ಕಿಲೋಗೆ ಮೂವತ್ತು. ರಾಡು, ಡಿಸ್ಕು, ಪ್ರೈಮರ್ ನನ್ನವು. ಅರ್ಧ ಮುಂಗಡ, ಉಳಿದದ್ದು ಗಾಡಿಯಿಂದ ಗೇಟು ಇಳಿಸುವ ಮೊದಲು. 120 ಕಿಲೋ ಗೇಟಿಗೆ 3,600. ಹೆಲ್ಪರ್‌ನ ಕೂಲಿ, ಸಾಮಾನು, ಕರೆಂಟು ಕಳೆದರೆ ಒಂದೂವರೆ ದಿನಕ್ಕೆ ಎರಡು ಸಾವಿರ ಕೈಯಲ್ಲಿ ಉಳಿಯುತ್ತದೆ. ಬೇರೆ ಅಂಗಡಿಯಲ್ಲಿ ದಿನಗೂಲಿಗೆ ನಿಂತರೆ ಎಂಟುನೂರು, ಒಂಬೈನೂರು.

ಒಂದೂವರೆ ದಿನದಲ್ಲಿ ಮುಗಿಯಬೇಕೆಂದರೆ ಗ್ರೈಂಡಿಂಗ್ ಕಡಿಮೆ ಇರಬೇಕು. ಎರಡೂವರೆ ಎಂಎಂ ರಾಡು, ಎಪ್ಪತ್ತು ಆಂಪಿಯರ್ ಹತ್ತಿರ. ಕರೆಂಟು ಸರಿಯಿದ್ದರೆ ಬೆಸುಗೆಯ ಮೇಲೆ ಕೂರುವ ಸ್ಲ್ಯಾಗ್ ಹೊಪ್ಪಳೆ ಆರುತ್ತಾ ತಾನೇ ಚಟಚಟ ಎಂದು ಸುರುಳಿಯಾಗಿ ಏಳುತ್ತದೆ, ಸುತ್ತಿಗೆ ಮುಟ್ಟಿಸುವುದೇ ಬೇಡ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು, ಹಾಗಾಗಿ ಬೆಳಗ್ಗೆ ಐದಕ್ಕೆ ಶುರು, ಹನ್ನೊಂದಕ್ಕೆ ಬಂದ್. ನಮ್ಮ ಕಡೆ ಆ ಹೊತ್ತಿನಲ್ಲಿ ವೋಲ್ಟೇಜೂ ಕುಣಿಯುವುದಿಲ್ಲ. ಚೌಕಟ್ಟು ತಿರುಚದಂತೆ ಮೊದಲ ಟಾಕಾ (ಹಿಡಿದಿಡುವ ಚಿಕ್ಕ ಬೆಸುಗೆ) ಯಾವ ಮೂಲೆಗೆ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಬಿಡುವಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಟ್ರ್ಯಾಕ್ಟರ್ ಕಲ್ಟಿವೇಟರ್‌ನ ಕುಳಗಳ ಅಂಚಿಗೆ ಹಾರ್ಡ್‌ಫೇಸಿಂಗ್ ರಾಡಿನಿಂದ ಸವೆಯದ ಗಟ್ಟಿ ಲೋಹದ ಒಂದು ಪದರ ಎಳೆದೆ, ಒಂದೇ ಬದಿಗೆ. ಮೆತ್ತಗಿನ ಬದಿ ಮೊದಲು ಸವೆದು ಅಂಚು ತಾನೇ ಹರಿತವಾಗುತ್ತದೆ. ಎರೆ ಹೊಲದಲ್ಲಿ ಕುಳ ಹೆಚ್ಚುಕಡಿಮೆ ಎರಡು ಪಟ್ಟು ಬಾಳಿತು. ಚಿತ್ತಾಪುರ ಕಡೆಯ ಫರ್ಸಿ ಕಲ್ಲಿನ ಹೊಲದಲ್ಲಿ ಅದೇ ಪದರ ಚಕ್ಕೆ ಚಕ್ಕೆಯಾಗಿ ಕಿತ್ತುಬಂತು. ಕಾಯಿಸಿ ಹಾಕಿ ನೋಡಿದೆ, ಆಗಲೂ ನಿಲ್ಲಲಿಲ್ಲ. ಈ ಮುಂಗಾರಿಗೆ ಎರೆ ಸೀಮೆಯ ಕುಳಗಳನ್ನಷ್ಟೇ ಒಪ್ಪಿಕೊಂಡಿದ್ದೇನೆ, ಒಂದಕ್ಕೆ ನೂರೈವತ್ತು. ಕಲ್ಲು ಹೊಲದವರಿಗೆ ಸದ್ಯಕ್ಕೆ ಹೊಸ ಕುಳವನ್ನೇ ತಂದುಕೊಳ್ಳಿ ಎನ್ನುತ್ತಿದ್ದೇನೆ.