ರಾಫ್ಟ್‌ಗೆ ಹೊದಿಕೆ ಹೊದಿಸಿದ ಕಥೆ

ರಾಯಚೂರು ಕಡೆಯ ಒಂದು ಸೈಟಿನಲ್ಲಿ ನಾನು ಹಾಕಿಸಿದ ಮೊದಲ ದಪ್ಪ ರಾಫ್ಟ್, ಅಂದರೆ ಇಡೀ ಕಟ್ಟಡದ ಕೆಳಗೆ ಹಾಸುವ ಕಾಂಕ್ರೀಟ್ ಅಡಿಪಾಯ, ಬಿರುಕು ಬಿಟ್ಟಿತು. ಎರಡು ಮೀಟರ್ ದಪ್ಪ, ಡಿಸೆಂಬರ್ ಚಳಿ. ಮೂರನೇ ದಿನ ಬೆಳಿಗ್ಗೆ ಮೇಲೆಲ್ಲ ಕೂದಲೆಳೆಯಂಥ ಗೀರುಗಳು. ‘ಕ್ಯೂರಿಂಗ್ ಸಾಲಲಿಲ್ಲ ಸಾರ್’ ಎಂದರು ಮೇಸ್ತ್ರಿ. ನೀರುಣಿಸಿದ್ದು ಸಾಲದು ಎಂಬ ಆ ಮಾತನ್ನು ನಾನೂ ನಂಬಿದೆ. ರಾತ್ರಿಯಿಡೀ ತೊಟ್ಟಿಯಲ್ಲಿ ತಣ್ಣಗಾಗಿದ್ದ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿದೆವು. ಬಿರುಕು ಇನ್ನೂ ಅಗಲವಾಯಿತು. ಕೊನೆಗೆ ಬಿರುಕಿಗೆ ಎಪಾಕ್ಸಿ ಅಂಟು ತುಂಬಿಸಬೇಕಾಯಿತು.

ತಪ್ಪು ನನ್ನದೇ. ಸಿಮೆಂಟಿಗೆ ನೀರು ಸೇರಿದರೆ ಬಿಸಿ ಹುಟ್ಟುತ್ತದೆ. ಒಂದು ಘನ ಮೀಟರಿಗೆ ಹಾಕುವ ಪ್ರತಿ 100 ಕೆಜಿ ಸಿಮೆಂಟಿಗೆ ಸುಮಾರು 10ರಿಂದ 12 ಡಿಗ್ರಿ ಏರುತ್ತದೆ. ನಾವು ಹಾಕಿದ್ದು 400 ಕೆಜಿ. ತೆಳು ಸ್ಲ್ಯಾಬಾದರೆ ಆ ಬಿಸಿ ಬೇಗ ಹೊರಗೆ ಹೋಗುತ್ತದೆ, ಎರಡು ಮೀಟರ್ ದಪ್ಪದ ಒಳಗಿಂದ ಎಲ್ಲಿಗೆ ಹೋಗಬೇಕು? ನಡುಭಾಗ ಕಾದು ಹಿಗ್ಗುತ್ತದೆ, ಮೇಲ್ಪದರ ತಣ್ಣಗಾಗಿ ಕುಗ್ಗುತ್ತದೆ. ಈ ಎಳೆದಾಟ ತಡೆಯುವ ಶಕ್ತಿ ಎಳೆ ಕಾಂಕ್ರೀಟಿಗೆ ಇರುವುದಿಲ್ಲ. ಅಂಥದ್ದರ ಮೇಲೆ ನಾನು ತಣ್ಣೀರು ಸುರಿಸಿದ್ದೆ.

ಎರಡನೇ ರಾಫ್ಟಿನಲ್ಲಿ ಅರ್ಧ ಸಿಮೆಂಟ್ ತೆಗೆದು ಬಳ್ಳಾರಿ ಕಡೆಯ ಉಕ್ಕು ಕಾರ್ಖಾನೆಯ ಸ್ಲ್ಯಾಗ್ ಪುಡಿ, ಅಂದರೆ ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟದ ಪುಡಿ, ಹಾಕಿಸಿದೆ. ಅದರ ಬಿಸಿ ನಿಧಾನ, ಬಲ ಬರುವುದೂ ನಿಧಾನ. ಹಾಗಾಗಿ ಬಲ ಪರೀಕ್ಷೆಯ ಕಾಂಕ್ರೀಟ್ ಕ್ಯೂಬ್‌ಗಳನ್ನು 28 ದಿನದ ಬದಲು 56 ದಿನಕ್ಕೆ ಒಡೆಯಲು ಡಿಸೈನರ್ ಒಪ್ಪಬೇಕಿತ್ತು. ಆ ಮಾತುಕತೆಗೇ ಒಂದು ವಾರ ಹೋಯಿತು. ಆಗ ಏಪ್ರಿಲ್, ರಾಯಚೂರಿನ ಏಪ್ರಿಲ್! ಬೆರೆಸುವ ನೀರಿನಲ್ಲಿ ಜಾಸ್ತಿ ಪಾಲು ಐಸ್ ಚೂರು ಹಾಕಿ, ರಾತ್ರಿ ಹೊತ್ತು ಸುರಿದೆವು. ಒಂದು ಕೆಜಿ ಐಸ್ ಬರೀ ಕರಗುವಾಗಲೇ 80 ಲೀಟರ್ ನೀರನ್ನು ಒಂದು ಡಿಗ್ರಿ ತಣಿಸುವಷ್ಟು ಬಿಸಿ ಹೀರುತ್ತದೆ. ಸುಮ್ನೆ ತಣ್ಣೀರು ಹಾಕಿದರೆ ಇದು ಆಗುವುದಿಲ್ಲ.

ತಳದಲ್ಲಿ, ನಡುವೆ, ಮೇಲಿನಿಂದ 50 ಮಿಲಿಮೀಟರ್ ಕೆಳಗೆ ಬಿಸಿ ಅಳೆಯುವ ಥರ್ಮೋಕಪಲ್ ವೈರ್ ಕಟ್ಟಿದ್ದೆವು. ಎರಡು ಗಂಟೆಗೊಮ್ಮೆ ರೀಡಿಂಗ್. ನಡುಭಾಗಕ್ಕೂ ಮೇಲ್ಪದರಕ್ಕೂ 20 ಡಿಗ್ರಿಗಿಂತ ಹೆಚ್ಚು ಅಂತರ ಬರಬಾರದು ಎಂಬುದೊಂದೇ ನನ್ನ ಚಿಂತೆ. ಮೇಲ್ಪದರ ಬೇಗ ತಣ್ಣಗಾಗದಿರಲಿ ಎಂದು ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಥರ್ಮಕೋಲ್, ಮತ್ತೆ ಟಾರ್ಪಾಲಿನ್.

‘ಕಾದಿರೋದಕ್ಕೆ ಹೊದಿಸ್ತೀರಾ?’ ಮೇಸ್ತ್ರಿಗೆ ನಂಬಿಕೆಯೇ ಬರಲಿಲ್ಲ. ಎರಡನೇ ರಾತ್ರಿ ಗಾಳಿಗೆ ಒಂದು ಮೂಲೆಯ ಟಾರ್ಪಾಲಿನ್ ಹಾರಿತು. ಅಲ್ಲಿನ ಅಂತರ 16ರಿಂದ 21ಕ್ಕೆ ಏರಿತು. ರೀಡಿಂಗ್ ತೋರಿಸಿದೆ. ಅವರೇ ಓಡಿಹೋಗಿ ಇಟ್ಟಿಗೆ ಹೇರಿದರು.

ಮೂರನೇ ದಿನ ನಡುಭಾಗ 61 ಡಿಗ್ರಿ ಮುಟ್ಟಿ, ಆಮೇಲೆ ಮೆಲ್ಲಗೆ ಇಳಿಯಿತು. ಹನ್ನೆರಡನೇ ದಿನದಿಂದ ಹೊದಿಕೆಯನ್ನು ಒಂದೊಂದೇ ಪದರ ತೆಗೆದೆವು. ಕೊನೆಯ ಹಾಳೆ ಸರಿಸಿದಾಗ ಮೇಸ್ತ್ರಿ ಮಂಡಿಯೂರಿ ಅಂಗೈ ಆಡಿಸಿದರು. ಎಲ್ಲೂ ಗೀರಿಲ್ಲ. ‘ಇನ್ನೂ ಬೆಚ್ಚಗಿದೆ ಸಾರ್’ ಎಂದರು.