ಹತ್ತು ನಿಮಿಷ ಪೆನ್ನು ನಿಲ್ಲಿಸದೆ

ನಮ್ಮ ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮೂರು ವರ್ಷದ ಹಿಂದೆ ರೆಕಾರ್ಡ್ ರೂಮಿನ ಅಟೆಂಡರ್ ನಿವೃತ್ತರಾದರು. 'ಸರಳ ಸಜ್ಜನಿಕೆಯ, ಕರ್ತವ್ಯನಿಷ್ಠ, ಅಜಾತಶತ್ರು' ಅಂತ ಬರೆದುಕೊಟ್ಟೆ. ಪ್ರಿಂಟ್ ಹಾಕಿಸಿ, ಫ್ರೇಮು ಕಟ್ಟಿಸಿದೆವು. ಸಮಾರಂಭದಲ್ಲಿ ಅದನ್ನು ಓದುತ್ತಾ ಇದ್ದಾಗ ನೆನಪಾಯಿತು, ಹಿಂದಿನ ವರ್ಷ ಇನ್ನೊಬ್ಬರಿಗೂ ಇದೇ ಮಾತು ಬರೆದಿದ್ದೆ. 11 ವರ್ಷ ದಿನಾ ನೋಡಿದ ಮನುಷ್ಯ. ಅವರ ಬಗ್ಗೆ ನನ್ನದು ಅನ್ನುವ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಫ್ರೀರೈಟಿಂಗ್, ಅಂದರೆ ಮನಸ್ಸಿಗೆ ಬಂದದ್ದನ್ನು ನಿಲ್ಲಿಸದೆ ಬರೆಯುವುದು, ಶುರು ಮಾಡಿದ್ದು ಅದಾದ ಮೇಲೆ. ಪೀಟರ್ ಎಲ್ಬೋ ಅನ್ನುವ ಅಮೆರಿಕದ ಮೇಷ್ಟ್ರು 1973ರ ತಮ್ಮ ಪುಸ್ತಕದಲ್ಲಿ ಇದನ್ನು ಹೇಳಿಕೊಟ್ಟಿದ್ದಾರೆ. ಅವರೂ ಓದುವ ಕಾಲದಲ್ಲಿ ಪ್ರಬಂಧ ಬರೆಯಲಾಗದೆ ಹಾರ್ವರ್ಡ್ ಬಿಟ್ಟು ಬಂದವರು. ಅದು ಗೊತ್ತಾದಾಗ ನನಗೆ ಧೈರ್ಯ ಬಂತು. ನಿಯಮ ಸುಲಭ. ಹತ್ತು ನಿಮಿಷ ಬರೆಯುತ್ತಲೇ ಇರಬೇಕು. ಹಿಂದೆ ತಿರುಗಿ ನೋಡಬಾರದು, ಹೊಡೆದು ಹಾಕಬಾರದು. ಏನೂ ತೋಚದಿದ್ದರೆ 'ಏನೂ ತೋಚ್ತಿಲ್ಲ' ಅಂತಲೇ ಬರೆಯುತ್ತಾ ಹೋಗಬೇಕು.

ಇದಕ್ಕೂ ಮೊದಲೇ, 1934ರಲ್ಲಿ, ಡೊರೊಥಿಯಾ ಬ್ರ್ಯಾಂಡ್ ಅನ್ನುವ ಲೇಖಕಿ ಬೆಳಿಗ್ಗೆ ಅರ್ಧ ಗಂಟೆ ಬೇಗ ಎದ್ದು, ಏನೂ ಓದದೆ, ಯಾರ ಜೊತೆಗೂ ಮಾತಾಡದೆ ಬರೆಯಿರಿ ಅಂದಿದ್ದರು. ನಾಲ್ಕು ದಿನ ಪ್ರಯತ್ನಪಟ್ಟೆ. ಡಬ್ಬಿ ಕಟ್ಟುವ ಮನೆಯಲ್ಲಿ ಅದು ಆಗುವ ಮಾತಲ್ಲ. ರಾತ್ರಿ ಸ್ಟೋವ್ ಒರೆಸಿ, ಹಾಲಿಗೆ ಹೆಪ್ಪು ಹಾಕಿದ ಮೇಲೆ ಅಡುಗೆಮನೆಯಲ್ಲೇ ಕೂತು ಬರೆಯಲು ಶುರು ಮಾಡಿದೆ. ಈಗಲೂ ಅದೇ ಹೊತ್ತು, ಅದೇ ಜಾಗ.

ಮೊದಲು ಹೊಸ ವರ್ಷಕ್ಕೆ ಬಂದ ಒಂದು ಚೆಂದದ ಡೈರಿ ತೆಗೆದುಕೊಂಡೆ. ನುಣುಪು ಹಾಳೆ, ರಟ್ಟಿನ ಮೇಲೆ ಬಂಗಾರದ ಅಕ್ಷರ. ಅದರಲ್ಲಿ ಕೈ ಓಡಲೇ ಇಲ್ಲ. ಹಾಳಾಗುತ್ತದೆ ಅನ್ನುವ ಭಯ. ಕೊನೆಗೆ ಮಗಳ ಹಳೇ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು, ದಬ್ಬಳದಲ್ಲಿ ಹೊಲಿದುಕೊಂಡೆ. ಅದರಲ್ಲಿ ಬಂತು. ಫೋನಿನಲ್ಲೂ ಬರೆದು ನೋಡಿದೆ. ಪ್ರತಿ ಪದಕ್ಕೂ ಮೂರು ಪದ ತೋರಿಸುತ್ತದೆ, ಆರಿಸುವುದರಲ್ಲೇ ಮನಸ್ಸು ನಿಲ್ಲುತ್ತದೆ. ಪೆನ್ನೇ ಸರಿ. ಒತ್ತಕ್ಷರ ತಪ್ಪಿತಾ, ಮಹಾಪ್ರಾಣ ಬೇಕಿತ್ತಾ ಅನ್ನುವ ಅನುಮಾನ ಬಂದಾಗ ಬಾಯಿಗೆ ಬಂದ ಹಾಗೆ ಬರೆದು ಮುಂದೆ ಹೋಗುವುದನ್ನು ಕಲಿಯಲು ಮಾತ್ರ ಒಂದು ತಿಂಗಳು ಹಿಡಿಯಿತು.

ಮೊದಲ ಎರಡು ವಾರದ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ. 'ಈ ದಿನ ಬಸ್ಸು ತಡವಾಗಿ ಬಂದಿರುತ್ತದೆ. ಆದ್ದರಿಂದ ಕಚೇರಿಗೆ ವಿಳಂಬವಾಗಿ ಹಾಜರಾಗಿರುತ್ತೇನೆ.' ಪೂರಾ ಕಡತದ ಕನ್ನಡ. ಯಾರೂ ಓದದ ಹಾಳೆಯಲ್ಲೂ ನಾನು ಮೇಲಧಿಕಾರಿಗೆ ವರದಿ ಕೊಡುತ್ತಿದ್ದೆ. ಅದನ್ನು ನೋಡಿದಾಗ ಸಂಕಟವಾಯಿತು. ಆದರೆ ತಿದ್ದಲಿಲ್ಲ. ತಿದ್ದಬಾರದು ಅನ್ನುವುದು ನಿಯಮ ಅಲ್ವಾ.

ಮೂರನೇ ವಾರ, ಒಂದು ಗುರುವಾರ, ಕೈ ಸೋತಿತ್ತು. 'ಏನೂ ತೋಚ್ತಿಲ್ಲ' ಅಂತ ಐದಾರು ಸಲ ಬರೆದೆ. ಆಮೇಲೆ ಈ ಸಾಲು ಬಂತು: 'ಬಸ್ ನಿಂತಿತ್ತು. ನಾ ಓಡಾಕತ್ತಿದ್ದೆ. ಚಪ್ಪಲಿ ಉಂಗುಷ್ಟ ಹರೀತು. ಕಣ್ಣಾಗ ನೀರು ಬಂತು, ಚಪ್ಪಲಿ ಸಲುವಾಗಿ ಅಲ್ಲ.' ನಾನು ಗದಗ ಕಡೆಯವಳು. ಬೆಂಗಳೂರಿಗೆ ಬಂದು 20 ವರ್ಷ ದಾಟಿತು. ಹಾಸ್ಟೆಲಿನಲ್ಲಿ ಇದ್ದಾಗ ನನ್ನ ಮಾತು ಕೇಳಿ ಹುಡುಗಿಯರು ನಗುತ್ತಿದ್ದರು. ಅವತ್ತಿನಿಂದ ಆ ಮಾತನ್ನು ಊರಿಗೆ ಫೋನ್ ಮಾಡುವಾಗ ಮಾತ್ರ ಆಡುತ್ತಿದ್ದೆ. ಕಾಗದದ ಮೇಲೆ ಅದು ಯಾವತ್ತೂ ಬಂದಿರಲಿಲ್ಲ. ಅವತ್ತು ಬಂತು. ಟೈಮರ್ ಹೊಡೆದರೂ ನಿಲ್ಲಿಸಲಿಲ್ಲ, ಇನ್ನೂ ಎರಡು ಪುಟ ಬರೆದೆ. ಕಡತದ ಕನ್ನಡದಲ್ಲಿ ಅಳು ಬರುವುದಿಲ್ಲ, ನಗು ಬರುವುದಿಲ್ಲ. ನನಗೆ ಕಾಣಿಸಿದ್ದೆಲ್ಲ ನಮ್ಮ ಮನೆ ಮಾತಿನ ಒಳಗೇ ಉಳಿದುಬಿಟ್ಟಿತ್ತು.

ಒಂದು ತೊಂದರೆ ಹೇಳಲೇಬೇಕು. ನಡುವೆ ಸುಮಾರು ಎರಡು ತಿಂಗಳು ದಿನಾ ಒಂದೇ ಗೋಳು ಬರೆದೆ. ಬರೆದಷ್ಟೂ ಜಾಸ್ತಿ ಆಯಿತು. ಆಗ ದಾರಿ ಬದಲಿಸಿದೆ. ಕಣ್ಣಿಗೆ ಬಿದ್ದ ಒಂದು ಸಾಮಾನಿನ ಹೆಸರು ಮೇಲೆ ಬರೆದುಕೊಂಡು, ಅಲ್ಲಿಂದ ಶುರು ಮಾಡುತ್ತೇನೆ. ಇಕ್ಕಳ. ಲಟ್ಟಣಿಗೆ. ಬೀಗ. ಕೈ ಎಲ್ಲಿಗೆ ಬೇಕಾದರೂ ಹೋಗಲಿ, ಶುರು ಮಾತ್ರ ಒಂದು ವಸ್ತುವಿನಿಂದ. ಗೋಳಿನ ಸುತ್ತ ಸುತ್ತುವುದು ಇದರಿಂದ ಕಡಿಮೆಯಾಯಿತು.

ಹೋದ ವರ್ಷ ಟಪಾಲು ಶಾಖೆಯ ಮೇಡಂ ನಿವೃತ್ತರಾದರು. ಬಿನ್ನವತ್ತಳೆ ಬರೆಯಲು ಕೂರುವ ಮುಂಚೆ ನಾಲ್ಕು ರಾತ್ರಿ 'ಸೀಲು' ಅನ್ನುವ ಪದದಿಂದ ಬರೆದೆ. ಮೂರು ರಾತ್ರಿ ಏನೂ ಸಿಗಲಿಲ್ಲ. ನಾಲ್ಕನೇ ದಿನ ಅವರ ಕೈ ಕಂಡಿತು. ಸೀಲು ಒತ್ತಿ, ಶಾಯಿ ಹರಡಬಾರದು ಅಂತ ಎರಡು ಸಲ ಉಫ್ ಅಂತ ಊದುತ್ತಾರೆ. ಓದು ಬಾರದವರು ಅರ್ಜಿ ತಂದರೆ ನಂಬರನ್ನು ಬಾಯಲ್ಲಿ ಓದಿ ಹೇಳಿ, ಅವರ ಬಸ್ ಟಿಕೆಟಿನ ಹಿಂದೆ ದೊಡ್ಡದಾಗಿ ಬರೆದು ಕೊಡುತ್ತಾರೆ. ಅದನ್ನೇ ಬಿನ್ನವತ್ತಳೆಯಲ್ಲಿ ಬರೆದೆ. ಅಜಾತಶತ್ರು ಅನ್ನುವ ಮಾತು ಬಿಟ್ಟೆ. ಓದಿ ಮುಗಿಸಿದ ಮೇಲೆ ಮೇಡಂ ನನ್ನ ಹತ್ತಿರ ಬಂದು, "ನಾನು ಊದೋದನ್ನ ನೀನು ಯಾವಾಗ ನೋಡಿದ್ಯೇ?" ಅಂದರು. ನನಗೂ ಬರೆಯುವವರೆಗೆ ಗೊತ್ತಿರಲಿಲ್ಲ ಅಂದೆ.

ಹಾಗಂತ ಹಾಳೆಯಲ್ಲಿ ಬಂದದ್ದೆಲ್ಲ ಬಳಸುವಂಥದ್ದಲ್ಲ. ಹತ್ತರಲ್ಲಿ ಒಂಬತ್ತು ಪುಟ ಸುಮ್ನೆ ಇರುತ್ತವೆ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಕೂತು ಓದುತ್ತೇನೆ, ಒಂದೆರಡು ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಎತ್ತಿಡುತ್ತೇನೆ. ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಅತ್ತೆಯೇ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, "ಅದು ಅವಳ ಪುಸ್ತಕ, ಹಂಗೇ ಇರ್ಲಿ" ಅಂತ.

ಈಗ ಏಳನೇ ಹೊಲಿದ ಪುಸ್ತಕ ನಡೆಯುತ್ತಿದೆ. ಮೊನ್ನೆ 'ಬೀಗದ ಕೈ' ಅಂತ ಶುರು ಮಾಡಿದೆ. ರೆಕಾರ್ಡ್ ರೂಮಿನ ಆ ಅಟೆಂಡರ್ ಬಂದರು. ಬೀಗ ತೆಗೆದ ಮೇಲೆ ತಕ್ಷಣ ಒಳಗೆ ಹೋಗುತ್ತಿರಲಿಲ್ಲ. ಬಾಗಿಲು ಹಾರುಹೊಡೆದು, ಧೂಳಿನ ವಾಸನೆ ಹೊರಗೆ ಹೋಗಲಿ ಅಂತ ಒಂದು ನಿಮಿಷ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ನಮ್ಮನ್ನೂ ನಿಲ್ಲಿಸುತ್ತಿದ್ದರು. ನನಗೆ ಧೂಳು ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಇನ್ನೂ ಎರಡು ರಾತ್ರಿ ಬರೆದು, ಆಮೇಲೆ ತಿದ್ದಿ ಅವರಿಗೆ ಅಂಚೆಯಲ್ಲಿ ಕಳಿಸಬೇಕು. ವಿಳಾಸ ಟಪಾಲು ಶಾಖೆಯಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದೇನೆ.