ಎತ್ತುವುದನ್ನು ಬಿಟ್ಟು ಜಾರಿಸುವುದು: ವಾರ್ಡಿನ ಕೆಲಸದಲ್ಲಿ ಸೊಂಟ ಉಳಿಸಿಕೊಳ್ಳುವ ಕ್ರಮ

ಮಂಚದಲ್ಲಿ ಕೆಳಕ್ಕೆ ಜಾರಿದ ರೋಗಿಯನ್ನು ಮತ್ತೆ ದಿಂಬಿನ ಕಡೆಗೆ ಎಳೆಯುವ ಕೆಲಸ ಪ್ರತಿ ಪಾಳಿಯಲ್ಲೂ ಬರುತ್ತದೆ. ನರ್ಸುಗಳ, ಆಯಾಗಳ ಸೊಂಟಕ್ಕೆ ಅತಿ ಕೆಟ್ಟ ಕೆಲಸಗಳಲ್ಲಿ ಇದೂ ಒಂದು. ‘ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿ ಎತ್ತಿ’ ಎಂಬ ಪಾಠ ನೆಲದ ಮೇಲಿನ ಪೆಟ್ಟಿಗೆಗೆ ಹೊಂದುತ್ತದೆ. ಪೆಟ್ಟಿಗೆಯನ್ನು ಮೈಗೆ ಒತ್ತಿ ಹಿಡಿಯಬಹುದು. ಮಂಚದ ನಡುವೆ ಮಲಗಿದವರನ್ನು ಮುಟ್ಟಬೇಕಾದರೆ ಬಾಗಲೇಬೇಕು, ಭಾರ ಮೈಯಿಂದ ದೂರವಾದಷ್ಟೂ ಸೊಂಟದ ಡಿಸ್ಕುಗಳ ಮೇಲೆ ಒತ್ತಡ ಏರುತ್ತದೆ. ಅಮೆರಿಕದ ಎನ್‌ಐಒಎಸ್‌ಎಚ್ (ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಸಂಸ್ಥೆ) ರೂಪಿಸಿದ, ಎತ್ತುವ ಭಾರದ ಸೂತ್ರವನ್ನು ಆಧರಿಸಿ 2007ರಲ್ಲಿ ರೋಗಿಗಳನ್ನು ಕೈಯಲ್ಲಿ ಎತ್ತಲು ಸೂಚಿಸಿದ ಮಿತಿ 35 ಪೌಂಡ್, ಅಂದರೆ ಸುಮಾರು 16 ಕಿಲೊ. ಅದೂ ಎಲ್ಲ ಅನುಕೂಲವಾಗಿದ್ದರೆ. 70 ಕಿಲೊ ತೂಕದವರ ಒಂದು ಕಾಲೇ 11 ಕಿಲೊ ಆಸುಪಾಸು ತೂಗುತ್ತದೆ. ಹಾಗಾಗಿ ನಾವು ಎತ್ತುವುದಿಲ್ಲ, ಸ್ಲೈಡ್ ಶೀಟ್ ಎಂಬ ನುಣುಪಾದ ಜಾರುಬಟ್ಟೆಯ ಮೇಲೆ ಜಾರಿಸುತ್ತೇವೆ.

ಮೊದಲು ಚಕ್ರದ ಬ್ರೇಕ್. ಬಳಿಕ ಮಂಚವನ್ನು, ಜಾರಿಸುವ ಇಬ್ಬರಲ್ಲಿ ಕುಳ್ಳಗಿರುವವರ ಸೊಂಟದ ಮಟ್ಟಕ್ಕೆ ಏರಿಸುತ್ತೇವೆ. ಎತ್ತರದವರು ಕಾಲು ಅಗಲಿಸಿ ಹೊಂದಿಸಿಕೊಳ್ಳಬಹುದು. ಆತುರದಲ್ಲಿ ಎಲ್ಲರೂ ಬಿಡುವ ಹೆಜ್ಜೆ ಇದೇ, ಸೊಂಟಕ್ಕೆ ಹೆಚ್ಚು ಲಾಭ ಕೊಡುವುದೂ ಇದೇ. ಉಸಿರಾಟದ ತೊಂದರೆ ಅಥವಾ ತಲೆಗೆ ಪೆಟ್ಟು ಇಲ್ಲದಿದ್ದರೆ ತಲೆಭಾಗವನ್ನು ಚಪ್ಪಟೆ ಮಾಡುತ್ತೇವೆ. ಮೂಗಿನ ನಳಿಗೆಯಲ್ಲಿ ಆಹಾರ ಹೋಗುತ್ತಿದ್ದರೆ ಅದಕ್ಕೂ ಮೊದಲೇ ನಿಲ್ಲಿಸಬೇಕು. ಡ್ರಿಪ್ ಮತ್ತು ಕ್ಯಾತಿಟರ್ (ಮೂತ್ರದ) ನಳಿಕೆ ಎಳೆತ ತಡೆಯುವಷ್ಟು ಸಡಿಲವಾಗಿವೆಯೇ ನೋಡಿ, ದಿಂಬು ತೆಗೆಯುತ್ತೇವೆ.

ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಎರಡು ಪದರದ ಶೀಟನ್ನು ಅರ್ಧ ಸುರುಳಿ ಸುತ್ತಿ ಬೆನ್ನಿಗೆ ತಾಗಿಸಿಡುತ್ತೇವೆ. ಇನ್ನೊಂದು ಮಗ್ಗುಲಿಗೆ ಹೊರಳಿಸಿ ಸುರುಳಿ ಬಿಚ್ಚಿದರೆ ಆಯಿತು. ಶೀಟು ತಲೆಯಿಂದ ಪೃಷ್ಠದ ಕೆಳಗಿನವರೆಗೆ ಇರಲೇಬೇಕು. ಪೃಷ್ಠ ಹೊರಗುಳಿದರೆ ಅತಿ ಭಾರದ ಭಾಗವೇ ಹಾಸಿಗೆಗೆ ಅಂಟಿಕೊಳ್ಳುತ್ತದೆ, ಆಗ ಶೀಟು ಇದ್ದೂ ಇಲ್ಲದಂತೆ. ಸಾಧ್ಯವಿದ್ದವರಿಗೆ ಮಂಡಿ ಮಡಚಿ, ಗದ್ದವನ್ನು ಎದೆಯ ಕಡೆ ತರಲು ಹೇಳುತ್ತೇವೆ. ಮಂಡಿ ಮಡಚಲಾಗದಿದ್ದರೆ ಹಿಮ್ಮಡಿಯ ಕೆಳಗೂ ಒಂದು ಸಣ್ಣ ಶೀಟು ಬೇಕು, ಇಲ್ಲದಿದ್ದರೆ ಅಲ್ಲಿನ ಚರ್ಮ ಉಜ್ಜಿ ಸುಲಿಯುತ್ತದೆ.

ಇಬ್ಬರೂ ಒಂದು ಪಾದವನ್ನು ತಲೆಭಾಗದ ಕಡೆ ಮುಂದಿಟ್ಟು, ಶೀಟಿನ ಮೇಲಿನ ಪದರವನ್ನು ರೋಗಿಯ ಭುಜ ಮತ್ತು ಸೊಂಟದ ಪಕ್ಕದಲ್ಲಿ ಹಿಡಿಯುತ್ತೇವೆ. ಮೊಣಕೈ ಪಕ್ಕೆಗೆ ಹತ್ತಿರ. ಒಂದು, ಎರಡು, ಮೂರು; ಮೂರಕ್ಕೇ ಎಳೆಯುವುದೋ ಮೂರಾದ ಮೇಲೋ ಎಂದು ಮೊದಲೇ ಮಾತಾಡಿಕೊಂಡಿರಬೇಕು, ಒಬ್ಬರು ಮುಂಚೆ ಎಳೆದರೆ ಇಡೀ ಭಾರ ಅವರ ಮೇಲೆಯೇ ಬೀಳುತ್ತದೆ. ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಮೈಭಾರ ಸರಿಸಿದರೆ ಸಾಕು, ತೋಳಿನ ಬಲ ಹೆಚ್ಚು ಬೇಡ. ಕೈ ಅಡ್ಡಕ್ಕೇ ಹೋಗಬೇಕು. ಅಭ್ಯಾಸಬಲದಿಂದ ಅದು ಮೇಲಕ್ಕೆ ಏಳುತ್ತದೆ, ಆ ಕ್ಷಣವೇ ಜಾರಿಸುವುದು ಎತ್ತುವುದಾಗಿಬಿಡುತ್ತದೆ.

ಕೆಲಸ ಮುಗಿದ ಮೇಲೆ ಕೆಳಪದರದ ಮೂಲೆಯನ್ನು ಒಳಕ್ಕೆ ಮಡಚಿ, ಮೈಯ ಅಡಿಯಿಂದಲೇ ನಿಧಾನವಾಗಿ ಎಳೆದು ತೆಗೆಯಬೇಕು. ಅಲ್ಲೇ ಬಿಟ್ಟರೆ ರೋಗಿ ಮತ್ತೆ ಕೆಳಕ್ಕೆ ಜಾರುತ್ತಾರೆ, ಬೀಳಲೂಬಹುದು.

ಡ್ರೆಸ್ಸಿಂಗ್ ಮಾಡುವಾಗ ಕಾಲನ್ನು ಕೈಯಲ್ಲಿ ಎತ್ತಿ ನಿಲ್ಲುವುದೂ ಅಷ್ಟೇ ಕೆಟ್ಟದ್ದು. ಕಾಲಿನಡಿ ದಿಂಬು ಇಡಿ, ಮಂಚ ಏರಿಸಿ. ಸೊಂಟಪಟ್ಟಿ ಕಟ್ಟಿಕೊಂಡರೆ ಎತ್ತಬಹುದೆಂಬ ಧೈರ್ಯ ಬೇಡ, ಅದು ಗಾಯ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಸೊಂಟನೋವು ಬಂದವರು ಹಾಸಿಗೆ ಹಿಡಿಯದೆ ತಾಳುವಷ್ಟು ಓಡಾಡಿಕೊಂಡಿರುವುದೇ ಮೇಲು. ಆದರೆ ತೊಡೆಸಂದು, ಗುದದ ಸುತ್ತ ಜೋಮು, ಮೂತ್ರ ಕಟ್ಟುವುದು, ಕಾಲಿನ ಬಲ ಕುಂದುವುದು ಕಂಡರೆ ಪಾಳಿ ಮುಗಿಯಲಿ ಎಂದು ಕಾಯದೆ ಆಗಲೇ ತುರ್ತು ವಿಭಾಗಕ್ಕೆ ಹೋಗಬೇಕು.